ಕಾರೊಂದೇ ಬದಲಾದರೆ ಎಣ್ಣೆ ಹಡಗು ನಿಲ್ಲಲ್ಲ: ದುರ್ಗ–ದಾವಣಗೆರೆಯ ಡೀಸೆಲ್ ಲೆಕ್ಕ

ಮೃಗಶಿರಾ ಮಳೆ ಹದವಾಗಿ ಬಿದ್ದ ಮಾರನೇ ದಿನ ದಾವಣಗೆರೆ ಸುತ್ತಮುತ್ತಲಿನ ಯಾವುದಾದರೂ ಬಂಕಿಗೆ ಹೋಗಿ ನೋಡಿ. ಬೆಳಗ್ಗೆಯೇ ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ. ಹಿಂದೆ ಕೂರಿಗೆಯೋ ಕಲ್ಟಿವೇಟರೋ ಸಿಕ್ಕಿಸಿಕೊಂಡೇ ಬಂದಿರುತ್ತಾರೆ. ನಡುವೆ ಬೈಕು, ಸ್ಕೂಟರು, ಒಂದು ಜೆಸಿಬಿ, ಗೊಬ್ಬರದ ಚೀಲ ಹೇರಿಕೊಂಡ ಲಗೇಜ್ ಆಟೊ. ಕಾರೂ ಇರುತ್ತವೆ, ಆದರೆ ಆ ಸಾಲಿನಲ್ಲಿ ಅವು ಕಡಿಮೆ.

ವಿದ್ಯುತ್ ವಾಹನ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರೋದು ಕಾರು. ಜಾಹೀರಾತು, ಟಿವಿ ಚರ್ಚೆ, ಮದುವೆ ಮನೆಯ ಮಾತು, ಎಲ್ಲಾ ಕಾರಿನ ಸುತ್ತಲೇ. ಆದರೆ ದೇಶ ಹೊರಗಿನ ಎಣ್ಣೆಗೆ ಕೈಚಾಚೋದು ಕಡಿಮೆಯಾಗಬೇಕು ಅನ್ನೋದು ನಮ್ಮ ಗುರಿಯಾದರೆ, ಲೆಕ್ಕವನ್ನು ಆ ಬಂಕಿನ ಸಾಲಿನಿಂದ ಶುರು ಮಾಡಬೇಕು. ಯಾವ ವಾಹನ ಎಷ್ಟು ಕುಡಿಯುತ್ತದೆ, ಯಾವುದನ್ನು ಈಗಲೇ ಬದಲಾಯಿಸಬಹುದು, ಯಾವುದಕ್ಕೆ ಇನ್ನೂ ಕಾಯಬೇಕು ಅನ್ನೋದನ್ನು ಚಿತ್ರದುರ್ಗ, ದಾವಣಗೆರೆ ಈ ನಮ್ಮ ಎರಡು ಜಿಲ್ಲೆಗಳನ್ನು ಮುಂದಿಟ್ಟುಕೊಂಡು ನೋಡೋಣ.

ಮೊದಲು ದೇಶದ ಮಟ್ಟದ ಅಂಕಿ. ನಾವು ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ಹೊರದೇಶದಿಂದ ಬರುತ್ತದೆ. 2023-24ರಲ್ಲಿ ಇದಕ್ಕೆ ತೆತ್ತ ಹಣ 13,000 ಕೋಟಿ ಡಾಲರಿಗೂ ಹೆಚ್ಚು. ಇರಾಕ್, ಸೌದಿ, ಯುಎಇ ಕಡೆಯಿಂದ ಬರುವ ಎಣ್ಣೆಯ ದೊಡ್ಡ ಪಾಲು ಹೊರ್ಮುಜ್ ಜಲಸಂಧಿ ದಾಟಿಯೇ ಬರಬೇಕು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಬ್ಯಾರೆಲ್ ಬೆಲೆ 100 ಡಾಲರ್ ದಾಟಿತು. ಆಮೇಲೆ ರಷ್ಯಾದ ಎಣ್ಣೆ ಅಗ್ಗಕ್ಕೆ ಸಿಕ್ಕಿತು. ಮೊದಲು ನೂರಕ್ಕೆ ಎರಡರಷ್ಟಿದ್ದ ಅದರ ಪಾಲು ಮೂರನೇ ಒಂದಕ್ಕೆ ಏರಿತು. ಮಾರುವ ದೇಶ ಬದಲಾಯಿತು, ಅವಲಂಬನೆ ಹಾಗೇ ಉಳಿಯಿತು. ತುರ್ತಿಗೆ ಅಂತ ಮಂಗಳೂರು, ಉಡುಪಿ ಹತ್ತಿರದ ಪಾದೂರು ಮತ್ತು ವಿಶಾಖಪಟ್ಟಣದ ನೆಲದಡಿಯ ಗುಹೆಗಳಲ್ಲಿ ಎಣ್ಣೆ ತುಂಬಿಡುವ ವ್ಯವಸ್ಥೆ ಇದೆ. ಮೂರೂ ತುಂಬಿದ್ದರೂ ಅದು ದೇಶಕ್ಕೆ ಸಾಕಾಗೋದು ಸುಮಾರು ಒಂಬತ್ತು ದಿನ.

ಈಗ ಯಾವ ಎಣ್ಣೆ ಎಷ್ಟು ಅಂತ ನೋಡಿ. 2023-24ರಲ್ಲಿ ದೇಶದಲ್ಲಿ ಖರ್ಚಾದ ಪೆಟ್ರೋಲ್ ಸುಮಾರು 3.7 ಕೋಟಿ ಟನ್. ಡೀಸೆಲ್ ಸುಮಾರು 9 ಕೋಟಿ ಟನ್. ಅಂದರೆ ಪೆಟ್ರೋಲಿನ ಎರಡೂವರೆ ಪಟ್ಟಿಗೂ ಸ್ವಲ್ಪ ಕಡಿಮೆ. ಪೆಟ್ರೋಲಿಯಂ ಸಚಿವಾಲಯದ ಕೆಳಗಿನ ಪಿಪಿಎಸಿ ಸಂಸ್ಥೆ 2013ರಲ್ಲಿ ನೀಲ್ಸನ್ ಕಂಪನಿಯಿಂದ ದೇಶದ ಬಂಕುಗಳಲ್ಲಿ ಒಂದು ಸಮೀಕ್ಷೆ ಮಾಡಿಸಿತ್ತು. ಪೆಟ್ರೋಲಿನಲ್ಲಿ ಶೇ 61ರಷ್ಟನ್ನು ಕುಡಿಯೋದು ದ್ವಿಚಕ್ರ ವಾಹನಗಳು, ಕಾರಿನ ಪಾಲು ಶೇ 34 ಅಂತ ಅದರಲ್ಲಿ ಬಂತು. ಡೀಸೆಲಿನಲ್ಲಿ ಲಾರಿಗಳ ಪಾಲು ಶೇ 28, ಕೃಷಿಗೆ ಶೇ 13, ಬಸ್ಸಿಗೆ ಸುಮಾರು ಶೇ 10. ಸಮೀಕ್ಷೆ ಹಳೆಯದು, ಆಮೇಲೆ ಕಾರು ಜಾಸ್ತಿಯಾಗಿವೆ. ಆದರೂ ದುರ್ಗ, ದಾವಣಗೆರೆಯಂಥ ಕಡೆ ಚಿತ್ರ ತುಂಬಾ ಬದಲಾಗಿದೆ ಅಂತ ನನಗೆ ಅನಿಸೋದಿಲ್ಲ.

ಇದರ ಜೊತೆ ಇನ್ನೊಂದು ವಿಷಯವಿದೆ, ಅದನ್ನು ಹೇಳುವವರು ಕಡಿಮೆ. ಒಂದು ಬ್ಯಾರೆಲ್ ಕಚ್ಚಾ ತೈಲ ಕಾಯಿಸಿದರೆ ಅದರಿಂದ ಪೆಟ್ರೋಲ್, ಡೀಸೆಲ್, ಅಡುಗೆ ಗ್ಯಾಸು, ವಿಮಾನದ ಇಂಧನ, ಡಾಂಬರು ಎಲ್ಲಾ ಒಟ್ಟೊಟ್ಟಿಗೆ ಬರುತ್ತವೆ. ಯಾವುದು ಎಷ್ಟು ಅನ್ನೋದನ್ನು ರಿಫೈನರಿಯವರು ಸ್ವಲ್ಪ ಆಚೀಚೆ ಮಾಡಬಹುದು, ಪೂರ್ತಿ ಬದಲಾಯಿಸಲಿಕ್ಕೆ ಆಗಲ್ಲ. ನಾಳೆ ದೇಶದ ಕಾರೆಲ್ಲಾ ವಿದ್ಯುತ್ತಿಗೆ ಹೋದವು ಅಂತಿಟ್ಟುಕೊಳ್ಳಿ. ಲಾರಿ, ಟ್ರ್ಯಾಕ್ಟರಿಗೆ ಡೀಸೆಲ್ ಬೇಕೇ ಬೇಕು. ಅದಕ್ಕಾಗಿ ಹಡಗು ಬರಲೇಬೇಕು. ಮಿಕ್ಕ ಪೆಟ್ರೋಲನ್ನು ಹೊರಗೆ ಮಾರಿ ಸ್ವಲ್ಪ ಹಣ ವಾಪಸ್ ಪಡೆಯಬಹುದು. ಆದರೆ ಹೊರ್ಮುಜ್‌ನಲ್ಲಿ ಗಲಾಟೆಯಾದರೆ ನಮ್ಮ ಬಿತ್ತನೆ ನಿಲ್ಲುವ ಭಯ ಹಾಗೇ ಇರುತ್ತದೆ. ಹಾಗಾಗಿ ಡೀಸೆಲ್ ಇಳಿಯದೆ ಅವಲಂಬನೆ ಇಳಿಯಲ್ಲ.

ಡೀಸೆಲ್ ಬಿಡೋದು ನಮ್ಮ ಭಾಗಕ್ಕೆ ಹೊಸದೇನಲ್ಲ. ಹಿಂದೆ ತೆರೆದ ಬಾವಿಗೆ ಡೀಸೆಲ್ ಎಂಜಿನ್ ಇಟ್ಟು ನೀರೆತ್ತುತ್ತಿದ್ದದ್ದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡೋದು, ಇಡೀ ತೋಟಕ್ಕೆ ಕೇಳುವ ಟುಕುಟುಕು ಸದ್ದು. ಈಗ ಹಳ್ಳಕ್ಕೋ ಚಾನಲ್ಲಿಗೋ ಪೈಪು ಬಿಡುವಾಗ ಬಿಟ್ಟರೆ ಎಂಜಿನ್ ಕಾಣೋದೇ ಅಪರೂಪ. ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ ಕಡೆ ನೂರಾರು ಅಡಿ ಕೊರೆದ ಬೋರ್‌ವೆಲ್ಲುಗಳಲ್ಲಿ ಓಡುತ್ತಿರೋದೆಲ್ಲಾ ಕರೆಂಟ್ ಮೋಟಾರು. ಯಾವ ರೈತನೂ ಭಾಷಣ ಕೇಳಿ ಎಂಜಿನ್ ಬಿಡಲಿಲ್ಲ. ಹೊಲದ ತನಕ ಲೈನ್ ಬಂತು. ಓಡಿಸುವ ಖರ್ಚು ಇಳಿಯಿತು. 2008ರಿಂದ 10 ಎಚ್‌ಪಿ ತನಕ ಕರೆಂಟೇ ಪುಕ್ಕಟೆಯಾಯಿತು. ಪುಕ್ಕಟೆ ಕರೆಂಟು ಅಂತರ್ಜಲಕ್ಕೆ ಏನು ಮಾಡಿತು ಅನ್ನೋದು ಬೇರೆಯೇ ನೋವಿನ ಕಥೆ.

ರೈತ ಎಂಜಿನ್ ಬಿಟ್ಟು ಮೋಟಾರಿಗೆ ಬಂದದ್ದಕ್ಕೆ ಇನ್ನೊಂದು ಕಾರಣ ಯಾರೂ ಗಮನಿಸದ್ದು: ಮೋಟಾರ್ ರಿವೈಂಡಿಂಗ್ ಅಂಗಡಿ. ಹೋಬಳಿಗೊಂದಲ್ಲ, ಈಗ ದೊಡ್ಡ ಹಳ್ಳಿಗೊಂದು ಇದೆ. ವೋಲ್ಟೇಜ್ ಏರುಪೇರಾಗಿ ಮೋಟಾರು ಸುಟ್ಟರೆ ಬೆಳಗ್ಗೆ ಎತ್ತಿ ಅಂಗಡಿಗೆ ಹಾಕುತ್ತಾರೆ. ಅಲ್ಲಿ ಹುಡುಗರು ಸುಟ್ಟ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುತ್ತಾರೆ. ಎರಡು ಮೂರು ದಿನದಲ್ಲಿ ಮೋಟಾರು ಮತ್ತೆ ಬೋರಿನೊಳಗೆ. ಈ ಭರವಸೆ ಇದ್ದದ್ದರಿಂದಲೇ ರೈತ ಮೋಟಾರನ್ನು ನಂಬಿದ. ಇವತ್ತಿನ ವಿದ್ಯುತ್ ಸ್ಕೂಟರಿಗೆ ಇಂಥ ಅಂಗಡಿ ಇಲ್ಲ. ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನೋಡಿಕೊಳ್ಳುವ ಕಂಟ್ರೋಲರ್ ಹೋದರೆ, ಬ್ಯಾಟರಿಯ ಒಳಗಿನ ಬೋರ್ಡು ಕೆಟ್ಟರೆ ಕಂಪನಿಯ ಸರ್ವಿಸ್ ಸೆಂಟರೇ ಗತಿ. ಮೊಳಕಾಲ್ಮೂರಿನಲ್ಲೋ ಜಗಳೂರಿನಲ್ಲೋ ಇರುವವರು ಗಾಡಿಯನ್ನು ಜಿಲ್ಲಾ ಕೇಂದ್ರಕ್ಕೆ ಹೊತ್ತೊಯ್ಯಬೇಕು. ಬಿಡಿಭಾಗ ಬರುವ ತನಕ ಕಾಯಬೇಕು. ನನ್ನನ್ನು ಕೇಳಿದರೆ ಚಾರ್ಜರಿಗಿಂತ ಇದು ದೊಡ್ಡ ತೊಡಕು. ಚಾರ್ಜ್ ಮಾಡಲಿಕ್ಕೆ ಮನೆಯಲ್ಲಿ ಪ್ಲಗ್ ಇದೆ, ರಿಪೇರಿಗೆ ಮನೆಯಲ್ಲಿ ಏನಿದೆ? ನಮ್ಮ ಐಟಿಐಗಳಲ್ಲಿ ಬ್ಯಾಟರಿ, ಕಂಟ್ರೋಲರ್ ರಿಪೇರಿ ಕಲಿಸಿ, ಈಗಿರುವ ರಿವೈಂಡಿಂಗ್ ಹುಡುಗರಿಗೂ ತರಬೇತಿ ಕೊಡಬೇಕು. ಬಿಡಿಭಾಗಗಳನ್ನು ಹೊರಗಿನ ಮೆಕ್ಯಾನಿಕ್ಕಿಗೂ ಮಾರಬೇಕು ಅಂತ ಸರ್ಕಾರ ಕಂಪನಿಗಳಿಗೆ ಕಡ್ಡಾಯ ಮಾಡಬೇಕು.

ಸ್ಕೂಟರಿನ ಲೆಕ್ಕ ಸರಳ. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕಿಲೋಮೀಟರ್ ಕೊಟ್ಟರೆ, ತಿಂಗಳಿಗೆ 900 ಕಿಲೋಮೀಟರ್ ಓಡಿಸುವವರಿಗೆ 20 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ 2,000 ರೂಪಾಯಿ. ವಿದ್ಯುತ್ ಸ್ಕೂಟರಿಗೆ 100 ಕಿಲೋಮೀಟರಿಗೆ ಸುಮಾರು 3ರಿಂದ 3.5 ಯೂನಿಟ್ ಬೇಕು. ತಿಂಗಳಿಗೆ 30 ಯೂನಿಟ್ ಆಸುಪಾಸು. ಯೂನಿಟ್ಟಿಗೆ ತೆರಿಗೆ ಎಲ್ಲಾ ಸೇರಿ 7 ರೂಪಾಯಿ ಅಂದರೆ 210 ರೂಪಾಯಿ.

ಇಲ್ಲಿ ಗೃಹಜ್ಯೋತಿಯ ಒಂದು ಸುಳಿ ಇದೆ. ಮನೆಯ ಹಿಂದಿನ ಸರಾಸರಿಗೆ ಶೇ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ. ಸರಾಸರಿ 80 ಯೂನಿಟ್ ಇದ್ದ ಮನೆಗೆ 88 ಯೂನಿಟ್ ತನಕ ಬಿಲ್ಲಿಲ್ಲ. ಸ್ಕೂಟರ್ ಬಂದು 110 ಆದರೆ ಮೇಲಿನ 22 ಯೂನಿಟ್ಟಿಗೆ ಮಾತ್ರ ದುಡ್ಡು ಕಟ್ಟಿದರಾಯಿತು. ಆದರೆ ಸರಾಸರಿ 180 ಇರುವ ಮನೆಗೆ ಸ್ಕೂಟರ್ ಬಂದರೆ 210 ಆಗುತ್ತದೆ. 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ತಿಂಗಳಿಗೆ 1,400 ರೂಪಾಯಿ ಮೇಲೆ ಬರಬಹುದು. ಪೆಟ್ರೋಲಿನ 2,000ಕ್ಕೆ ಹೋಲಿಸಿದರೆ ಆಗಲೂ ಲಾಭವೇ. ಆದರೆ ಸೊನ್ನೆ ಬಿಲ್ಲು ನೋಡಿ ರೂಢಿಯಾದ ಮನೆಗೆ ಆ ಕಾಗದ ಕೈಗೆ ಬಂದಾಗ ಗಾಬರಿಯಾಗುತ್ತದೆ. ಗಾಡಿ ತಗೊಳ್ಳುವ ಮೊದಲು ಹಿಂದಿನ ಬಿಲ್ಲುಗಳನ್ನು ತೆಗೆದು ಸರಾಸರಿ ನೋಡಿಕೊಳ್ಳಿ. ಸರ್ಕಾರವೂ ವಾಹನದ ಚಾರ್ಜಿಂಗಿಗೆ ಕಡಿಮೆ ಖರ್ಚಿನಲ್ಲಿ ಬೇರೆ ಮೀಟರ್ ಸುಲಭವಾಗಿ ಸಿಗುವಂತೆ ಮಾಡಿದರೆ ಈ ತೊಡಕು ಬಗೆಹರಿಯುತ್ತದೆ.

ಬಾಡಿಗೆ ಮನೆಯವರ ಕಷ್ಟ ಬೇರೆ. ದಾವಣಗೆರೆಯ ಹಳೇ ಭಾಗದಲ್ಲಿ ವಿದ್ಯುತ್ ಆಟೊ ಓಡಿಸುವ ಒಬ್ಬರನ್ನು ಮಾತಾಡಿಸಿದೆ. ‘ಗ್ಯಾಸಿಗೆ ಹಾಕ್ತಿದ್ದ ದುಡ್ಡು ಈಗ ಸಾಲದ ಕಂತಿಗೆ ಹೋಗ್ತೈತಿ ಸಾರ್, ಕಂತು ಮುಗುದ್ ಮ್ಯಾಲೆ ನಮ್ದೇ’ ಅಂದರು. ಅವರ ಮನೆ ಗಲ್ಲಿಯೊಳಗೆ. ಕಿಟಕಿಯಿಂದ ವೈರು ಎಳೆದು ರಾತ್ರಿ ಚಾರ್ಜಿಗೆ ಹಾಕುತ್ತಾರೆ. ಮಳೆ ಬಂದರೆ ಪ್ಲಗ್ಗಿನ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟುತ್ತಾರೆ. ಮನೆ ಓನರ್ ಎರಡು ಸಲ ತಕರಾರು ಮಾಡಿದ್ದಾರಂತೆ. ಆಟೊ ಸ್ಟ್ಯಾಂಡಿನ ಪಕ್ಕದಲ್ಲಿ ನಾಲ್ಕೈದು ಸಾದಾ 15 ಆಂಪಿಯರ್ ಪ್ಲಗ್ಗು, ಮೇಲೊಂದು ಶೀಟು, ಒಂದು ಮೀಟರು. ಪಾಲಿಕೆಗೆ ಇದೇನು ದೊಡ್ಡ ಖರ್ಚಲ್ಲ. 2016ರಲ್ಲೇ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲಿ ಜಾಗ ಪಡೆದ ಊರು ನಮ್ಮದು. ದಿನಕ್ಕೆ ನೂರು ಕಿಲೋಮೀಟರ್ ಓಡುವ ಒಂದು ಆಟೊ ಬದಲಾದರೆ ಉಳಿಯುವ ಇಂಧನ, ಭಾನುವಾರ ಮಾತ್ರ ಹೊರಗೆ ಬರುವ ಹಲವು ಕಾರುಗಳಿಗಿಂತ ಜಾಸ್ತಿ.

‘ಕರೆಂಟೂ ಕಲ್ಲಿದ್ದಲಿನಿಂದಲೇ ಬರೋದಲ್ವಾ’ ಅನ್ನೋ ಪ್ರಶ್ನೆ ಯಾವಾಗಲೂ ಬರುತ್ತದೆ. ನ್ಯಾಯವಾದ ಪ್ರಶ್ನೆ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸ್ಕೂಟರಿನ 100 ಕಿಲೋಮೀಟರಿಗೆ 2ರಿಂದ 2.5 ಕೆಜಿ ಆಯಿತು. ಪೆಟ್ರೋಲ್ ಸ್ಕೂಟರ್ ಅಷ್ಟೇ ದೂರಕ್ಕೆ 5 ಕೆಜಿ ಹೊಗೆ ಬಿಡುತ್ತದೆ. ಎಂಜಿನ್ನು ಪೆಟ್ರೋಲಿನ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಕಳೆಯುತ್ತದೆ, ಮೋಟಾರು ಹಾಗೆ ಕಳೆಯಲ್ಲ. ಹಾಗಾಗಿ ಈಗಿನ ಕರೆಂಟಿನಲ್ಲೂ ಅರ್ಧದಷ್ಟು ಇಳಿಯುತ್ತದೆ.

ನಮ್ಮ ಭಾಗದಲ್ಲಿ ಇನ್ನೂ ಇಳಿಸಲಿಕ್ಕೆ ಸಾಧ್ಯವಿದೆ. ಜೋಗಿಮಟ್ಟಿ ಗುಡ್ಡದ ಮೇಲೆ ನಿಂತರೆ ಸುತ್ತಲೂ ಗಾಳಿ ಗಿರಣಿಗಳೇ. ಹೊಳಲ್ಕೆರೆ, ಹಿರಿಯೂರು ಕಡೆಯ ಗುಡ್ಡಗಳ ಮೇಲೂ ಅವೇ. ರಾಜ್ಯದ ಗಾಳಿ ವಿದ್ಯುತ್ ಸಾಮರ್ಥ್ಯ 7,000 ಮೆಗಾವ್ಯಾಟ್ ದಾಟಿದೆ. ಜಿಲ್ಲೆಯ ಗಡಿ ದಾಟಿದರೆ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ತೊಡಕಿರೋದು ಹೊತ್ತಿನಲ್ಲಿ. ಸೋಲಾರ್ ಹಗಲು ಮಾತ್ರ. ಗಾಳಿ ಜೋರಾಗಿ ಬೀಸೋದು ಮುಂಗಾರಿನ ತಿಂಗಳುಗಳಲ್ಲಿ. ಅದೇ ಸಮಯಕ್ಕೆ ಮಳೆ ಬಂದು ಪಂಪ್‌ಸೆಟ್ಟುಗಳು ನಿಂತಿರುತ್ತವೆ, ಜಲವಿದ್ಯುತ್ತೂ ಬರುತ್ತದೆ, ಕರೆಂಟ್ ಮಿಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಕಡಿಮೆ, ಬೇಡಿಕೆ ಮುಗಿಲಿಗೆ. ಇನ್ನು ದಿನದೊಳಗೆ ನೋಡಿದರೆ ಸಂಜೆ ಆರರಿಂದ ಹತ್ತರ ತನಕ ಎಲ್ಲರ ಮನೆಯಲ್ಲೂ ದೀಪ, ಟಿವಿ, ಮಿಕ್ಸಿ. ಕೆಲಸ ಮುಗಿಸಿ ಬಂದು ಏಳು ಗಂಟೆಗೆ ಸ್ಕೂಟರನ್ನು ಚಾರ್ಜಿಗೆ ಹಾಕಿದರೆ ಅದಕ್ಕೆ ರಾಯಚೂರು, ಬಳ್ಳಾರಿಯ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲೇ ಉರಿಯಬೇಕಾಗುತ್ತದೆ. ಅದನ್ನೇ ಹಗಲು ಅಂಗಡಿಯಲ್ಲಿ, ಆಫೀಸಿನಲ್ಲಿ, ಕಾಲೇಜಿನಲ್ಲಿ ಹಾಕಿದರೆ ಬಿಸಿಲಿನ ಕರೆಂಟ್. ಬೆಸ್ಕಾಂ ನಮ್ಮ ಎರಡೂ ಜಿಲ್ಲೆಗೆ ಕರೆಂಟ್ ಕೊಡುವ ಕಂಪನಿ, ರಾಜ್ಯದ ಚಾರ್ಜಿಂಗ್ ಜಾಲದ ಹೊಣೆಯೂ ಅದರದ್ದೇ. ಹಗಲಿನ ಚಾರ್ಜಿಂಗ್ ದರ ಕಣ್ಣಿಗೆ ಕಾಣುವಷ್ಟು ಅಗ್ಗವಾದರೆ ಜನ ತಾವಾಗಿಯೇ ಹೊತ್ತು ಬದಲಾಯಿಸಿಕೊಳ್ಳುತ್ತಾರೆ.

ಈಗ ಡೀಸೆಲ್ಲಿಗೆ ಬರೋಣ. ಸುಲಭವಾದದ್ದು ಬಸ್ಸು. ಬೆಂಗಳೂರು–ದಾವಣಗೆರೆ ನಡುವೆ ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ ಬಸ್ಸು ಓಡಿಸುವ ಯೋಜನೆ 2023ರಲ್ಲೇ ಶುರುವಾಯಿತು. ಒಂದು ಚಾರ್ಜಿಗೆ ಸುಮಾರು 300 ಕಿಲೋಮೀಟರ್, ದಾವಣಗೆರೆ 260 ಕಿಲೋಮೀಟರ್. ಹೊಂದುತ್ತದೆ. ದಿನಕ್ಕೆ 500 ಕಿಲೋಮೀಟರ್ ಓಡುವ ಡೀಸೆಲ್ ಬಸ್ಸಿಗೆ ನೂರು ಲೀಟರಿಗೂ ಜಾಸ್ತಿ ಬೇಕು. ಲೀಟರಿಗೆ 90 ರೂಪಾಯಿಯಂತೆ 9,000 ರೂಪಾಯಿ ಮೀರುತ್ತದೆ. ವಿದ್ಯುತ್ ಬಸ್ಸಿಗೆ ಕಿಲೋಮೀಟರಿಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಅಂತ ಹಿಡಿದರೆ ಅದರ ಅರ್ಧವೂ ಆಗಲ್ಲ. ಆದರೆ ಬಸ್ಸಿನ ಬೆಲೆಯೇ ಕೋಟಿ ದಾಟುತ್ತದೆ. ಚಳ್ಳಕೆರೆ, ಹೊಸದುರ್ಗ, ಜಗಳೂರು ಕಡೆ ಹಳ್ಳಿಗಳನ್ನು ಜೋಡಿಸಿರೋದು ಖಾಸಗಿ ಬಸ್ಸುಗಳು. ಅವುಗಳ ಮಾಲೀಕರಲ್ಲಿ ಒಂದೆರಡು ಬಸ್ಸು ಇಟ್ಟುಕೊಂಡವರೇ ಹೆಚ್ಚು. ಅವರಿಗೆ ಕೋಟಿ ಸಾಲ ಯಾರು ಕೊಡುತ್ತಾರೆ? ಕೇಂದ್ರದ ಪಿಎಂ ಇ-ಬಸ್ ಸೇವಾ ಯೋಜನೆ ಹೆಚ್ಚಾಗಿ 3 ಲಕ್ಷಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ. ದಾವಣಗೆರೆ ಆ ಗೆರೆ ದಾಟುತ್ತದೆ, ಚಿತ್ರದುರ್ಗ ದಾಟಲ್ಲ. ಹಳ್ಳಿ ಬಸ್ಸಿನ ಮಾಲೀಕರಿಗೆ ಅಂತಲೇ ಒಂದು ಸಾಲ ಯೋಜನೆ ಬರದಿದ್ದರೆ ಈ ಬಸ್ಸುಗಳು ಇನ್ನೂ ಬಹಳ ವರ್ಷ ಡೀಸೆಲ್ಲಿನಲ್ಲೇ ಓಡುತ್ತವೆ.

ಲಾರಿಗಳಲ್ಲಿ ಎಲ್ಲಾ ಒಂದೇ ಅಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪುಣೆ–ಬೆಂಗಳೂರು ಓಡುವ ಲಾರಿಗೆ ಇವತ್ತೇ ಬ್ಯಾಟರಿ ಹಾಕಿ ಅನ್ನೋದು ಕಷ್ಟ. ಆದರೆ ಭೀಮಸಮುದ್ರ ಕಡೆಯ ಅದಿರಿನ ಲಾರಿಗಳನ್ನು ನೋಡಿ. ದಿನವೂ ಅದೇ ದಾರಿ, ಅದೇ ದೂರ, ಸಂಜೆ ಅದೇ ಯಾರ್ಡು. ಎಲ್ಲಿ ಚಾರ್ಜ್ ಮಾಡೋದು ಅನ್ನೋ ಪ್ರಶ್ನೆಯೇ ಇಲ್ಲ. 2025ರ ಜುಲೈನಲ್ಲಿ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ವಿದ್ಯುತ್ ಲಾರಿಗೆ 9.6 ಲಕ್ಷ ರೂಪಾಯಿ ತನಕ ಸಹಾಯಧನ ಘೋಷಣೆಯಾಯಿತು. ಗಣಿ ಕಂಪನಿಗಳು ಮೊದಲು ಬದಲಾಗಬೇಕು, ಅವರಿಗೆ ಆ ಶಕ್ತಿಯೂ ಇದೆ. ದೂಳು ಇದರಿಂದ ಕಡಿಮೆಯಾಗಲ್ಲ. ಆದರೆ ರಸ್ತೆ ಪಕ್ಕದ ಊರಿನವರಿಗೆ ಹೊಗೆ ಮತ್ತು ಸದ್ದಾದರೂ ತಪ್ಪುತ್ತದೆ.

ಕಷ್ಟವಾದದ್ದು ಟ್ರ್ಯಾಕ್ಟರ್. 50 ಎಚ್‌ಪಿ ಗಾಡಿ ಉಳುಮೆಗೆ ನಿಂತರೆ ಗಂಟೆಗೆ ನಾಲ್ಕೈದು ಲೀಟರ್ ಡೀಸೆಲ್ ಬೇಕು. ಹತ್ತು ಗಂಟೆ ಓಡಿದರೆ 45 ಲೀಟರ್. ಲೀಟರ್ ಡೀಸೆಲ್ಲಿನಿಂದ ಚಕ್ರಕ್ಕೆ ಸಿಗುವ ಶಕ್ತಿ ಸುಮಾರು 3 ಯೂನಿಟ್. ಅಂದರೆ ಒಂದು ದಿನದ ಕೆಲಸಕ್ಕೆ 135 ಯೂನಿಟ್ ಬ್ಯಾಟರಿ ಬೇಕು, ಮೂರು ನಾಲ್ಕು ಕಾರಿನ ಬ್ಯಾಟರಿಯಷ್ಟು. ಅದರ ಬೆಲೆ, ತೂಕ ಎರಡೂ ರೈತನಿಗೆ ಹೊರೆ. ಇನ್ನೊಂದು, ಹದ ಕಾಯಲ್ಲ. ಮಳೆ ಬಿದ್ದ ನಾಲ್ಕು ದಿನದೊಳಗೆ ಮೆಕ್ಕೆಜೋಳ, ಶೇಂಗಾ ಬಿತ್ತಬೇಕು. ಆಗ ಹಗಲು ರಾತ್ರಿ ಗಾಡಿ ಓಡುತ್ತದೆ, ಚಾರ್ಜಿಗೆ ಹಾಕಿ ಕೂರಲು ಹೊತ್ತಿಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಕಟಾವಿಗೆ ಬರುವ ಯಂತ್ರಗಳದ್ದೂ ಇದೇ ಮಾತು. ಅಡಿಕೆ ತೋಟದ ಸಣ್ಣ ಟ್ರ್ಯಾಕ್ಟರ್, ಔಷಧಿ ಹೊಡೆಯುವ ಯಂತ್ರ, ಕಳೆ ಕತ್ತರಿಸುವ ಯಂತ್ರ ಇವಕ್ಕೆ ಬ್ಯಾಟರಿ ಈಗಲೇ ಸರಿ. ದೊಡ್ಡ ಟ್ರ್ಯಾಕ್ಟರಿಗೆ ಇನ್ನೂ ಸಮಯ ಬೇಕು. ಬೇರೆ ಕಡೆ ಉಳಿಸಿದ ಡೀಸೆಲ್ಲನ್ನು ರೈತರಿಗೆ ಮೀಸಲಿಡೋದೇ ನ್ಯಾಯ.

ಮೆಕ್ಕೆಜೋಳ, ಕಬ್ಬಿನಂಥ ಬೆಳೆಯಿಂದ ತೆಗೆಯುವ ಎಥನಾಲ್ ಬಗ್ಗೆ ದಾವಣಗೆರೆಯವರಿಗೆ ಹೇಳಬೇಕಾದ್ದಿಲ್ಲ. ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸುತ್ತಿರೋದರಿಂದ ಮೆಕ್ಕೆಜೋಳಕ್ಕೆ ಹೊಸ ಗಿರಾಕಿ ಸಿಕ್ಕಿದ್ದು ನಿಜ. ಆದರೂ 2025ರ ಕೊನೆಯಲ್ಲಿ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆಯೂ ಸಿಗದೆ ರೈತರು ಬೀದಿಗಿಳಿದರು. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ ಮಾತ್ರ. ಅದು ಇಳಿಸೋದೂ ಪೆಟ್ರೋಲನ್ನೇ, ಡೀಸೆಲ್ಲನ್ನಲ್ಲ.

‘ಎಣ್ಣೆ ಬಿಟ್ಟು ಚೀನಾದ ಬ್ಯಾಟರಿಗೆ ಸಿಕ್ಕಿಹಾಕಿಕೊಳ್ಳೋದಾ?’ ಅನ್ನೋ ಮಾತಿನಲ್ಲೂ ಹುರುಳಿದೆ. ಬ್ಯಾಟರಿ ಸೆಲ್ಲುಗಳಲ್ಲಿ ಹೆಚ್ಚಿನವು ಅಲ್ಲೇ ತಯಾರಾಗುತ್ತವೆ. 2025ರ ಏಪ್ರಿಲ್‌ನಲ್ಲಿ ಚೀನಾ ಮೋಟಾರಿನ ಅಯಸ್ಕಾಂತಗಳಿಗೆ ಬೇಕಾದ ಅಪರೂಪದ ಲೋಹಗಳ ರಫ್ತು ಬಿಗಿ ಮಾಡಿದಾಗ ನಮ್ಮ ಸ್ಕೂಟರ್ ಕಾರ್ಖಾನೆಗಳಿಗೂ ಬಿಸಿ ತಟ್ಟಿತು. ಆದರೆ ಎರಡೂ ಅವಲಂಬನೆ ಒಂದೇ ಥರದ್ದಲ್ಲ. ಎಣ್ಣೆ ಇವತ್ತು ತಂದದ್ದು ಇವತ್ತೇ ಉರಿದು ಹೋಗುತ್ತದೆ, ನಾಳೆಗೆ ಮತ್ತೆ ಬೇಕು. ಬ್ಯಾಟರಿ ಒಮ್ಮೆ ಬಂದರೆ ಏಳೆಂಟು ವರ್ಷ ಇರುತ್ತದೆ, ಆಮೇಲೂ ಅದರ ಲೋಹ ವಾಪಸ್ ತೆಗೆಯಬಹುದು. ಹಡಗು ನಿಂತರೆ ಹೊಸ ಗಾಡಿ ಬರೋದು ನಿಲ್ಲುತ್ತದೆ, ಇರುವ ಗಾಡಿ ನಿಲ್ಲಲ್ಲ.

ಕಾರಿನ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಸ್ವಂತ ಮನೆ, ಮನೆಯಲ್ಲೇ ಚಾರ್ಜಿಂಗ್, ದಿನವೂ ಐವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಾಟ ಇರುವವರಿಗೆ ವಿದ್ಯುತ್ ಕಾರು ಈಗಲೇ ಲಾಭ. ತಿಂಗಳಿಗೆ ಒಂದೆರಡು ಸಲ ಬೆಂಗಳೂರಿಗೆ ಹೋಗಲಿಕ್ಕಷ್ಟೇ ಕಾರು ತೆಗೆಯುವವರಿಗೆ ಅವಸರವಿಲ್ಲ. ಹೆದ್ದಾರಿಯ ಖಾಸಗಿ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ ಆಸುಪಾಸು ಆದರೆ ಮನೆಯಲ್ಲಿ ಸಿಗುವ ಉಳಿತಾಯ ಅಲ್ಲಿ ಸಿಗಲ್ಲ.

ಹಾಗೆ ನೋಡಿದರೆ ಬೆಂಗಳೂರಿಗೆ ಹೋಗುವವರಿಗೆ ಕಾರಿಗಿಂತ ಒಳ್ಳೆಯ ವಿದ್ಯುತ್ ವಾಹನ ಆಗಲೇ ಇದೆ. ದಾವಣಗೆರೆ ಮೇಲೆ ಹೋಗುವ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗ ವಿದ್ಯುದೀಕರಣ ಆಗಿದೆ. 2023ರ ಜೂನ್ 27ರಿಂದ ವಂದೇ ಭಾರತ್ ಕೂಡ ಓಡುತ್ತಿದೆ. ದುರ್ಗದವರಿಗೆ ಈ ಭಾಗ್ಯವಿಲ್ಲ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗ ಮೇಲೆ ದಾವಣಗೆರೆಗೆ 191 ಕಿಲೋಮೀಟರಿನ ನೇರ ಮಾರ್ಗ 2011-12ರಲ್ಲೇ ಮಂಜೂರಾಗಿತ್ತು. ಭೂಸ್ವಾಧೀನ, ಹಣ ಅಂತ ವರ್ಷಗಳು ಉರುಳಿದವು. ಹಿರಿಯೂರು, ಶಿರಾದ ಜನ ಇವತ್ತಿಗೂ ಊರಿನಲ್ಲಿ ರೈಲು ನೋಡಿಲ್ಲ, ಪ್ರತಿ ಪ್ರಯಾಣಕ್ಕೂ ಹೆದ್ದಾರಿಯೇ ಗತಿ. ಈ ಮಾರ್ಗ ತಡವಾದಷ್ಟು ವರ್ಷ ಸಾವಿರಾರು ಜನ ಮತ್ತು ಅಷ್ಟೂ ಸರಕು ಡೀಸೆಲ್ಲಿನ ಮೇಲೆಯೇ ಓಡಾಡಬೇಕು. ಸಂಸದರು, ಶಾಸಕರು ಚಾರ್ಜಿಂಗ್ ಸ್ಟೇಷನ್ ಉದ್ಘಾಟನೆಗೆ ಬಂದಾಗ ಅವರನ್ನು ನಿಲ್ಲಿಸಿ ಕೇಳಬೇಕಾದ ಮೊದಲ ಪ್ರಶ್ನೆ ಈ ರೈಲಿನದ್ದು: ಈ ವರ್ಷ ಎಷ್ಟು ಕಿಲೋಮೀಟರ್ ಹಳಿ ಬೀಳುತ್ತದೆ, ಮುಂದಿನ ವರ್ಷ ಎಷ್ಟು?